ಹನ್ನೆರಡು ಇಂಚಿನ ಎರಡು ಗಾಲಿಗಳು

ಇತಿಹಾಸದ ವಿದ್ಯಾರ್ಥಿಗಳಿಗೆ ಶಾಸನ ಓದುವ ಚಟ. ಮಸ್ಕಿಯ ಬಂಡೆ ನಮ್ಮ ಜಿಲ್ಲೆಯಲ್ಲೇ ಇರುವುದರಿಂದ ರಾಯಚೂರು ಸೀಮೆಯವರಿಗೆ ಈ ಚಟ ತುಸು ಹೆಚ್ಚೇ ಎನ್ನಬೇಕು. ಆದರೆ ನಾವು ದಿನವೂ ನೋಡಿಯೂ ಓದದೆ ಬಿಡುವ ಒಂದು ಶಾಸನವಿದೆ. ಅದು ಇರುವುದು ರಬ್ಬರಿನ ಮೇಲೆ. ಯಾವುದೇ ಸಣ್ಣ ಕಾರಿನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಟೈರಿನ ಪಕ್ಕೆ ನೋಡಿ: 145/80 ಆರ್ 12 74 ಟಿ ಎಂಬಂಥ ಒಂದು ಸಾಲು ಉಬ್ಬಕ್ಷರದಲ್ಲಿರುತ್ತದೆ. ಮೊದಲ ಸಂಖ್ಯೆ ಮಿಲಿಮೀಟರು, ಎರಡನೆಯದು ಶೇಕಡಾವಾರು, ಮೂರನೆಯದು ಇಂಚು. ಒಂದೇ ಸಾಲಿನಲ್ಲಿ ಮೂರು ಅಳತೆಗಳು, ಮೂರು ಕಾಲಗಳು. ಟೈರು ಬದಲಿಸಲು ಹೊರಟವನಿಗೆ ಎಲ್ಲಕ್ಕಿಂತ ಮುಖ್ಯವಾಗಿ ಬೇಕಾದ ಅಳತೆ ಮಾತ್ರ ಈ ಸಾಲಿನಲ್ಲಿ ಇಲ್ಲ. ಅದು ಗಾಲಿಯ ಪೂರ್ತಿ ಎತ್ತರ, ಅಂದರೆ ಹೊರಸುತ್ತಿನ ವ್ಯಾಸ.

ಈ ಅಳತೆ ಯಾವಾಗ, ಯಾಕೆ ಕಾಣೆಯಾಯಿತು ಎಂಬುದೇ ಈ ಬರಹದ ವಿಷಯ. ದೂರದ ಕಾರ್ಖಾನೆಗಳಲ್ಲಿ ನಡೆದ ಕಥೆಯಂತೆ ಕಂಡರೂ ಇದರ ಪರಿಣಾಮ ಗಿಲ್ಲೆಸುಗೂರಿನಂಥ ಊರಿಗೆ ನೇರವಾಗಿ ತಟ್ಟುತ್ತದೆ. ರಾಯಚೂರಿನಿಂದ ಮಂತ್ರಾಲಯದ ಕಡೆ ಹೋಗುವ ರಸ್ತೆಯಲ್ಲಿರುವ ಈ ಊರಿನಲ್ಲಿ ಎತ್ತಿನ ಬಂಡಿ, ಸೈಕಲ್ಲು, ಟ್ರ್ಯಾಕ್ಟರು, ಎರಡನೇ ಕೈಯ ಕಾರು ಎಲ್ಲವೂ ಅಕ್ಕಪಕ್ಕದಲ್ಲೇ ನಿಂತಿರುತ್ತವೆ. ಗಾಲಿಯ ಇತಿಹಾಸದ ಅಷ್ಟೂ ಅಧ್ಯಾಯಗಳನ್ನು ಒಂದೇ ಬೀದಿಯಲ್ಲಿ ಓದಬಹುದು.

ಮೊದಲು ಬಂಡಿಯ ಗಾಲಿ. ಮರದ ಗಾಲಿಯ ಸುತ್ತ ಹಾಕುವ ಕಬ್ಬಿಣದ ಪಟ್ಟಿಗೆ ನಾವು ಹಳಿ ಎನ್ನುತ್ತೇವೆ. ಮುಂದೆ ರೈಲು ಬಂದಾಗ ಅದು ಓಡುವ ಕಬ್ಬಿಣದ ದಾರಿಗೂ ಕನ್ನಡದಲ್ಲಿ ಹಳಿ ಎಂದೇ ಕರೆದರು. ಇಂಗ್ಲಿಷಿನಲ್ಲಿ ಟೈರ್ ಎಂದರೂ ಮೂಲದಲ್ಲಿ ಈ ಕಬ್ಬಿಣದ ಪಟ್ಟಿಯೇ. ಗಾಲಿಗೆ ತೊಡಿಸುವ ಉಡುಗೆ ಎಂಬ ಅರ್ಥದಿಂದ ಆ ಪದ ಹುಟ್ಟಿತು ಎಂದು ನಿಘಂಟುಕಾರರು ಹೇಳುತ್ತಾರೆ. ರಬ್ಬರು ಬರುವ ಎಷ್ಟೋ ಶತಮಾನಗಳ ಮೊದಲೇ ಟೈರು ಇತ್ತು, ಅದನ್ನು ಬದಲಿಸುವ ಕಸುಬೂ ಇತ್ತು.

ಹಳಿ ತೊಡಿಸುವುದು ಲೆಕ್ಕದ ಕೆಲಸ. ನಾಲ್ಕೂವರೆ ಅಡಿ ಎತ್ತರದ ಗಾಲಿ ಎಂದಿಟ್ಟುಕೊಳ್ಳಿ. ಅದರ ಸುತ್ತಳತೆ ಸುಮಾರು 4.3 ಮೀಟರು. ಕಬ್ಬಿಣವನ್ನು 700 ಡಿಗ್ರಿಯಷ್ಟು ಕಾಯಿಸಿದರೆ ಆ ಉದ್ದದ ಪಟ್ಟಿ ಹಿಗ್ಗುವುದು ಮೂರೂವರೆ ಸೆಂಟಿಮೀಟರಿನಷ್ಟು ಮಾತ್ರ. ಕಮ್ಮಾರನ ಕೈಯಲ್ಲಿರುವ ಅವಕಾಶ ಅಷ್ಟೇ. ಹಳಿಯನ್ನು ಗಾಲಿಗಿಂತ ತುಸು ಚಿಕ್ಕದಾಗಿ ಬೆಸೆದು, ಸುತ್ತ ಬೆಂಕಿ ಹಾಕಿ ಕಾಯಿಸಿ, ಕೆಂಪಗಾದಾಗ ಗಾಲಿಯ ಮೇಲಿಟ್ಟು ಬಡಿದು ನೀರು ಸುರಿಯಬೇಕು. ತಣಿದ ಕಬ್ಬಿಣ ಕುಗ್ಗಿ ಮರದ ಕೀಲುಗಳನ್ನೆಲ್ಲ ಒತ್ತಿ ಹಿಡಿಯುತ್ತದೆ. ಪಟ್ಟಿ ತೀರಾ ಚಿಕ್ಕದಾದರೆ ಕೂರುವುದೇ ಇಲ್ಲ. ತೀರಾ ದೊಡ್ಡದಾದರೆ ನಾಲ್ಕು ದಿನಕ್ಕೆ ಕಳಚಿ ಬೀಳುತ್ತದೆ. ಬೇಸಿಗೆಯಲ್ಲಿ ಮರ ಒಣಗಿ ಹಳಿ ಸಡಿಲವಾದಾಗ ಗಾಲಿಯನ್ನು ನೀರಿನಲ್ಲಿ ನೆನೆಹಾಕುವ ರೂಢಿಯೂ ಇದರಿಂದಲೇ ಬಂದದ್ದು.

ಹೀಗಾಗಿ ಹಳಿ ತೊಡಿಸುವ ಮುನ್ನ ಎರಡು ಸುತ್ತಳತೆಗಳನ್ನು ಹೋಲಿಸಲೇಬೇಕು. ಇಂಗ್ಲೆಂಡಿನ ಕಸುಬುದಾರರು ಇದಕ್ಕೆ ಹಿಡಿಕೆಯಿರುವ ಒಂದು ಪುಟ್ಟ ತಟ್ಟೆ ಬಳಸುತ್ತಿದ್ದರು. ತಟ್ಟೆಯ ಅಂಚಿಗೆ ಸೀಮೆಸುಣ್ಣದ ಗುರುತು ಹಾಕಿ, ಅದನ್ನು ಗಾಲಿಯ ಅಂಚಿನ ಮೇಲೆ ಉರುಳಿಸಿ ಎಷ್ಟು ಸುತ್ತಾಯಿತೆಂದು ಎಣಿಸುವುದು. ಆಮೇಲೆ ಅಷ್ಟೇ ಸುತ್ತನ್ನು ಕಬ್ಬಿಣದ ಪಟ್ಟಿಯ ಮೇಲೆ ಉರುಳಿಸಿ, ಕುಗ್ಗುವ ಲೆಕ್ಕ ಕಳೆದು, ಕತ್ತರಿಸುವುದು. ಇಂಚು ಗೊತ್ತಿಲ್ಲದವನೂ ಮಾಡಬಹುದಾದ ಹೋಲಿಕೆ ಇದು. ಗಾಲಿಯನ್ನು ಗಾಲಿಯಿಂದಲೇ ಅಳೆಯುವುದು.

ಇದೇ ಯುಕ್ತಿಯನ್ನು ದೊಡ್ಡದು ಮಾಡಿದರೆ ಗಾಲಿಯಿಂದ ನಾಡನ್ನೂ ಅಳೆಯಬಹುದು. ನಮ್ಮ ಹಿರಿಯರು ದೂರವನ್ನು ಹರದಾರಿಯಲ್ಲಿ ಹೇಳುತ್ತಿದ್ದರು. ಬಿಸಿಲಲ್ಲಿ ನಡೆದರೆ ಒಂದು ಹರದಾರಿ, ನೆರಳಲ್ಲಿ ನಡೆದರೆ ಇನ್ನೊಂದು. ಹದಿನೆಂಟನೇ ಶತಮಾನದಲ್ಲಿ ಕಂಪನಿಯ ಸಮೀಕ್ಷಕರು ತಂದದ್ದು ಪೆರಾಂಬ್ಯುಲೇಟರ್ ಎಂಬ ಒಂಟಿ ಗಾಲಿ. ಒಬ್ಬ ಆಳು ಅದನ್ನು ತಳ್ಳಿಕೊಂಡು ನಡೆಯುತ್ತಾನೆ, ಅದಕ್ಕೆ ಜೋಡಿಸಿದ ಹಲ್ಲುಗಾಲಿಯ ಯಂತ್ರ ಸುತ್ತುಗಳನ್ನು ಎಣಿಸುತ್ತದೆ. ಇಂಗ್ಲೆಂಡಿನಲ್ಲಿ ಪ್ರಚಲಿತವಿದ್ದ ಇಂಥ ಒಂದು ಗಾಲಿಯ ಸುತ್ತಳತೆ ಎಂಟೂಕಾಲು ಅಡಿ. ಅದು 640 ಬಾರಿ ಉರುಳಿದರೆ ಸರಿಯಾಗಿ ಒಂದು ಮೈಲಿ. ಕಾಲಿನ್ ಮೆಕೆಂಝಿ ಮೈಸೂರಿನ ಸಮೀಕ್ಷೆಗೆ ಬರುವ ಮೊದಲು, 1792ರಿಂದ ಕೆಲವು ವರ್ಷ, ನಿಜಾಮರ ಸೀಮೆಯಲ್ಲಿ ಸಮೀಕ್ಷಕನಾಗಿದ್ದ. ಆ ಕಾಲದ ದಾರಿ ಸಮೀಕ್ಷೆಗಳಿಗೆ ಇಂಥ ಗಾಲಿ ಮತ್ತು ದಿಕ್ಸೂಚಿಯೇ ಸಾಮಾನ್ಯ ಸಲಕರಣೆ. ಗಾಲಿಯ ಅಳತೆ ನೂರಕ್ಕೆ ಒಂದರಷ್ಟು ತಪ್ಪಿದ್ದರೆ ನೂರು ಮೈಲಿಯ ದಾರಿ ನಕ್ಷೆಯಲ್ಲಿ ಒಂದು ಮೈಲಿ ತಪ್ಪಿ ಬೀಳುತ್ತದೆ. ಗಾಲಿ ಬದಲಾದರೆ ಮೈಲಿಯೂ ಬದಲಾಗುತ್ತದೆ ಎಂಬ ಈ ಮಾತನ್ನು ನೆನಪಿಡಿ. ನಮ್ಮ ಕಾರಿನ ಮೀಟರಿನ ಹಿಂದೆ ಇರುವುದೂ ಇದೇ ಸುತ್ತಿನ ಎಣಿಕೆ.

ಅಳತೆ ಒಂದಾಗಿದ್ದರೆ ಏನಾಗುತ್ತದೆ ಎಂಬುದಕ್ಕೆ ರಾಯಚೂರೇ ಒಂದು ದೊಡ್ಡ ಉದಾಹರಣೆ. 1871ರಲ್ಲಿ ಮುಂಬಯಿ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ, ಮದರಾಸಿನ ಕಡೆಯಿಂದ ಬಂದ ಮದ್ರಾಸ್ ರೈಲ್ವೆಯ ಹಳಿ ರಾಯಚೂರಿನಲ್ಲಿ ಕೂಡಿಕೊಂಡವು. ಕಂಪನಿಗಳು ಬೇರೆ, ಆದರೆ ಎರಡರ ಹಳಿಯ ಅಗಲವೂ ಐದೂವರೆ ಅಡಿ. ಒಂದು ಇಂಚು ಹೆಚ್ಚುಕಡಿಮೆಯಾಗಿದ್ದರೂ ರಾಯಚೂರಿನಲ್ಲಿ ಗಾಡಿ ಇಳಿದು ಗಾಡಿ ಹತ್ತಬೇಕಾಗುತ್ತಿತ್ತು.

ಇನ್ನು ರಬ್ಬರು. ಗಾಳಿ ತುಂಬಿದ ಗಾಲಿಗೆ ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲೇ ಹಕ್ಕುಪತ್ರ ಪಡೆದಿದ್ದ. ಅದು ಬಳಕೆಗೆ ಬಂದದ್ದು 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಮಗನ ಮೂರುಗಾಲಿ ಸೈಕಲ್ಲಿಗೆ ಇಂಥದ್ದನ್ನು ಮಾಡಿಕೊಟ್ಟ ಮೇಲೆ. ನಮ್ಮ ಕಡೆಯ ಸೈಕಲ್ ಅಂಗಡಿಗಳಲ್ಲಿ ಇಂದಿಗೂ ದೊಡ್ಡ ಸೈಕಲ್ಲಿಗೆ 28×1½ ಟೈರು ಎನ್ನುತ್ತಾರೆ. ಇಲ್ಲಿ 28 ಎಂದರೆ ಗಾಲಿಯ ಪೂರ್ತಿ ಎತ್ತರ, ಹೆಚ್ಚುಕಡಿಮೆ ಇಂಚಿನಲ್ಲಿ; 1½ ಎಂದರೆ ಟೈರಿನ ದಪ್ಪ. ಮೊದಮೊದಲ ಮೋಟಾರುಗಳಲ್ಲೂ ಹೀಗೇ ಇತ್ತು. ಫೋರ್ಡಿನ ಮಾಡೆಲ್ ಟಿ ಕಾರಿನ ಟೈರು 30×3½. ಮೂವತ್ತು ಇಂಚು ಎತ್ತರ, ಮೂರೂವರೆ ಇಂಚು ದಪ್ಪ. ಕೊಳ್ಳುವವನು ಮೊದಲು ಕೇಳುವ ಪ್ರಶ್ನೆಗೆ ಉತ್ತರ ಮೊದಲೇ ಬರೆದಿರುತ್ತಿತ್ತು.

1920ರ ದಶಕದಲ್ಲಿ ಈ ಕ್ರಮ ತಿರುಗಿತು. ಕಡಿಮೆ ಗಾಳಿಯಲ್ಲಿ ಮೆತ್ತಗೆ ಓಡುವ ದಪ್ಪನೆಯ ಬಲೂನ್ ಟೈರುಗಳು ಬಂದವು. ಆಗ ಟೈರಿನ ದಪ್ಪವನ್ನು ಮೊದಲು, ಒಳಗಿನ ಕಬ್ಬಿಣದ ರಿಮ್ಮಿನ ಅಳತೆಯನ್ನು ಆಮೇಲೆ ಬರೆಯುವುದು ರೂಢಿಯಾಯಿತು. 1928ರಲ್ಲಿ ಮಾರುಕಟ್ಟೆಯಲ್ಲಿದ್ದ ಫೋರ್ಡ್ ಮಾಡೆಲ್ ಎ ಕಾರಿನ ಟೈರು 4.50-21. ಇಪ್ಪತ್ತೊಂದು ಎಂದರೆ ರಿಮ್ಮು. ರಿಮ್ಮಿಗೆ ಟೈರು ಕೂರುತ್ತದೋ ಇಲ್ಲವೋ ಎಂಬುದು ಅಂಗಡಿಯವನ ಪ್ರಶ್ನೆ. ಗಾಲಿ ಎಷ್ಟು ಎತ್ತರವಾಗುತ್ತದೆ ಎಂಬುದು ಓಡಿಸುವವನ ಪ್ರಶ್ನೆ. ಸಂಖ್ಯೆ ಅಂಗಡಿಯವನ ಕಡೆಗೆ ಹೋಯಿತು. ಪೂರ್ತಿ ಎತ್ತರ ಕಾರಿನ ಟೈರಿನ ಮೇಲಿಂದ ಅಳಿಸಿಹೋದದ್ದು ಹೀಗೆ. ಸೈಕಲ್ಲು ಮಾತ್ರ ಹಳೆಯ ಭಾಷೆಯಲ್ಲೇ ಉಳಿಯಿತು.

ನಿಜಾಮರ ರಾಜ್ಯದಲ್ಲಿ ಗಾಳಿ ಟೈರು ಜನಸಾಮಾನ್ಯರ ಹತ್ತಿರ ಬಂದದ್ದು ಸೈಕಲ್ಲು ಮತ್ತು ಬಸ್ಸುಗಳ ಮೂಲಕ. 1932ರ ಜೂನಿನಲ್ಲಿ ನಿಜಾಮ್ ಸ್ಟೇಟ್ ರೈಲ್ವೆ 27 ಬಸ್ಸುಗಳೊಡನೆ ರಸ್ತೆ ಸಾರಿಗೆ ವಿಭಾಗ ತೆರೆಯಿತು. 1936ರಲ್ಲಿ ಬಂಗಾಳದ ಸಾಹಾಗಂಜಿನಲ್ಲಿ ಡನ್‌ಲಪ್ ಕಾರ್ಖಾನೆ ಶುರುವಾಗಿ ಟೈರು ಈ ದೇಶದಲ್ಲೇ ತಯಾರಾಗತೊಡಗಿತು. ಎತ್ತಿನ ಬಂಡಿಗೆ ಗಾಳಿ ಟೈರು ಹಾಕುವ ಮಾತೂ ಇದೇ ಕಾಲದ್ದು. ಡಾಂಬರು ಬಳಿದ ಹೊಸ ರಸ್ತೆಗಳನ್ನು ಬಂಡಿಯ ಕಬ್ಬಿಣದ ಹಳಿ ಸೀಳುತ್ತದೆ ಎಂಬುದು ಎಂಜಿನಿಯರುಗಳ ದೂರು. ಭಾರವೆಲ್ಲ ಎರಡಿಂಚು ಅಗಲದ ಕಬ್ಬಿಣದ ಮೇಲೆ ನಿಂತರೆ ರಸ್ತೆ ತಾಳುವುದು ಹೇಗೆ?

ಆದರೆ ರೈತನ ಲೆಕ್ಕ ಬೇರೆ. ಬಂಡಿಗೆಂದೇ ತಯಾರಾದ ಟೈರುಗಳಲ್ಲಿ ಒಂದು ಅಳತೆ 7.00-19. ಏಳಿಂಚು ದಪ್ಪ, ಹತ್ತೊಂಬತ್ತು ಇಂಚಿನ ರಿಮ್ಮು. ಅಂದರೆ ಗಾಲಿಯ ಪೂರ್ತಿ ಎತ್ತರ ಸುಮಾರು 33 ಇಂಚು. ನಾಲ್ಕೂವರೆ ಅಡಿಯ, ಎಂದರೆ 54 ಇಂಚಿನ ಮರದ ಗಾಲಿಯ ಜಾಗಕ್ಕೆ ಇದು ಬಂದರೆ ಇರಸು ಹತ್ತಿಂಚು ಕೆಳಗಿಳಿಯುತ್ತದೆ. ನೊಗದ ಮಟ್ಟಕ್ಕೂ ಬಂಡಿಯ ಮಟ್ಟಕ್ಕೂ ಇದ್ದ ಹೊಂದಾಣಿಕೆ ತಪ್ಪುತ್ತದೆ. ಹಳೆಯ ಬಂಡಿಗೆ ಹೊಸ ಗಾಲಿ ಹಾಕಿದರೆ ಸಾಲದು, ಬಂಡಿಯನ್ನೇ ಹೊಸದಾಗಿ ಕಟ್ಟಬೇಕು. ಎತ್ತರದ ಗಾಲಿಗೆ ಇನ್ನೊಂದು ಗುಣವಿತ್ತು: ಎರೆಹೊಲದ ಹೆಂಟೆ, ಹಳ್ಳದ ಕಲ್ಲು, ದಾರಿಯ ಕೊರಕಲು ದಾಟುವುದು ದೊಡ್ಡ ಗಾಲಿಗೆ ಸುಲಭ. ಟೈರಿನ ಗಾಲಿ ಚಿಕ್ಕದಾದರೂ ಅಗಲವಿರುವುದರಿಂದ ಕಡಿಮೆ ಹೂತು ಹೆಚ್ಚು ಭಾರ ಹೊರುತ್ತದೆ, ಎತ್ತಿನ ಹೆಗಲಿಗೂ ಹಗುರ. ಲಾಭ ನಿಜ, ಆದರೆ ಖರ್ಚೂ ನಿಜ. ಪಂಕ್ಚರು ತಿದ್ದಲು ಊರ ಕಮ್ಮಾರನಿಗೆ ಬರುವುದಿಲ್ಲ. ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ಮೊದಲ ನಿರ್ದೇಶಕ ಎನ್.ಎಸ್. ರಾಮಸ್ವಾಮಿ 1970ರ ದಶಕದಲ್ಲಿ ಎತ್ತಿನ ಬಂಡಿಯ ಸುಧಾರಣೆಯನ್ನೇ ತಮ್ಮ ಅಧ್ಯಯನದ ವಿಷಯವಾಗಿ ಹಿಡಿದದ್ದು ಈ ಹಿನ್ನೆಲೆಯಲ್ಲಿ. ದೇಶದ ಸರಕಿನ ಬಹುಪಾಲು ಇನ್ನೂ ಹಳ್ಳಿಯ ಹಂತದಲ್ಲಿ ಎತ್ತಿನ ಹೆಗಲ ಮೇಲೇ ಇತ್ತು. ಮುಂದೆ ಟೈರ್ ಬಂಡಿ ಬಂತು, ಅದರ ಹಿಂದೆಯೇ ಟ್ರ್ಯಾಕ್ಟರು. ಹಳಿ ಕಾಯಿಸುವ ಬೆಂಕಿಯ ಜೊತೆಗೆ ಬಡಿಗ, ಕಮ್ಮಾರರ ಆ ಹೋಲಿಕೆಯ ಕಸುಬೂ ಆರುತ್ತ ಬಂತು.

ಈ ನಡುವೆ ಟೈರಿನ ಒಳಗೂ ಒಂದು ಬದಲಾವಣೆ ಆಗಿತ್ತು. ಫ್ರಾನ್ಸಿನ ಮಿಷೆಲಿನ್ ಕಂಪನಿ 1946ರಲ್ಲಿ ರೇಡಿಯಲ್ ಟೈರಿಗೆ ಹಕ್ಕುಪತ್ರ ಪಡೆಯಿತು. ಒಳಗಿನ ನೂಲು ಓರೆಯಾಗಿ ಹೆಣೆದುಕೊಳ್ಳುವ ಬದಲು ಅಂಚಿನಿಂದ ಅಂಚಿಗೆ ನೇರವಾಗಿ ಹಾಯುವ ಟೈರು ಇದು. ಸಾಲಿನ ನಡುವೆ ಇರುವ ‘ಆರ್’ ಅಕ್ಷರ ಇದರ ಗುರುತು. ಅದನ್ನು ರೇಡಿಯಸ್ ಎಂದು ಓದುವವರು ಬಹಳ. ಯುರೋಪಿನ ರೇಡಿಯಲ್ಲುಗಳು ದಪ್ಪವನ್ನು ಮಿಲಿಮೀಟರಿನಲ್ಲಿ ಬರೆಯತೊಡಗಿದವು. ಪಕ್ಕೆಯ ಎತ್ತರ ಕಡಿಮೆಯಾದಂತೆಲ್ಲ ಅದು ದಪ್ಪದ ಶೇಕಡಾ ಎಷ್ಟು ಎಂಬ ಇನ್ನೊಂದು ಸಂಖ್ಯೆಯೂ ಸೇರಿಕೊಂಡಿತು. ರಿಮ್ಮು ಮಾತ್ರ ಇಂಚಿನಲ್ಲೇ ಉಳಿಯಿತು. 1975ರಲ್ಲಿ ಮಿಷೆಲಿನ್ ರಿಮ್ಮನ್ನೂ ಮಿಲಿಮೀಟರಿಗೆ ತರಲು ಟಿಆರ್‌ಎಕ್ಸ್ ಎಂಬ ಹೊಸ ಪದ್ಧತಿ ಹೊರತಂದಿತು. ಆ ರಿಮ್ಮಿಗೆ ಬೇರೆ ಟೈರು ಕೂರುತ್ತಿರಲಿಲ್ಲ. ಹಾಗಾಗಿ ಕೊಳ್ಳುವವರೂ ಕೂರಲಿಲ್ಲ. ನಮ್ಮ ದೇಶ 1956ರಲ್ಲಿ ಕಾನೂನು ಮಾಡಿ ಗಜ, ಮೈಲಿ, ಸೇರುಗಳನ್ನು ಬಿಟ್ಟು ಮೀಟರು, ಕಿಲೋಗಳಿಗೆ ಹೊರಳಿತು. ರಾಯಚೂರು ಹೈದರಾಬಾದಿನಿಂದ ಮೈಸೂರು ರಾಜ್ಯಕ್ಕೆ ಸೇರಿದ್ದೂ ಅದೇ ವರ್ಷ. ಮೈಲಿಗಲ್ಲಿನ ಮೇಲೆ ಕಿಲೋಮೀಟರು ಬಂದರೂ ಅದನ್ನು ಮೈಲಿಗಲ್ಲು ಎನ್ನುವುದನ್ನು ನಾವು ಬಿಟ್ಟಿಲ್ಲ. ರಿಮ್ಮೂ ಹಾಗೇ ಇಂಚನ್ನು ಬಿಡಲಿಲ್ಲ.

ಈಗ ಶುರುವಿನ ಸಾಲಿಗೆ ಮರಳೋಣ. ನಮ್ಮ ಮಾವನ ಹತ್ತಿರ ಹಳೆಯ ಮಾರುತಿ 800 ಇದೆ. ಟೈರು ಸವೆದಾಗ ಆಲ್ಟೊ ಕಾರಿನಿಂದ ಬಿಚ್ಚಿದ, ಇನ್ನೂ ಗುಂಡಿ ಇರುವ ನಾಲ್ಕು ಟೈರು ಕಡಿಮೆ ದುಡ್ಡಿಗೆ ಸಿಗುವಂತಿದ್ದವು. ನಾನು ಪಕ್ಕೆಯ ಅಕ್ಷರ ಓದುತ್ತ ಕೂತದ್ದು ಕಂಡು ಮಾವ ಹೇಳಿದ: “ಅಳಿಯಾ, ಅದೂ ಹನ್ನೆರಡು ಇಂಚು, ಇದೂ ಹನ್ನೆರಡು ಇಂಚು. ಮತ್ತೇನು ನೋಡ್ತಿ ಅದ್ರಾಗ?”

ನೋಡುವುದು ಇಷ್ಟು. ಮಾರುತಿ 800ರ ಟೈರು 145/70 ಆರ್ 12. ದಪ್ಪ 145 ಮಿಲಿಮೀಟರು. ಪಕ್ಕೆಯ ಎತ್ತರ ಅದರ ಶೇಕಡಾ 70, ಅಂದರೆ 101.5. ಪಕ್ಕೆ ಮೇಲೊಂದು ಕೆಳಗೊಂದು, ಹಾಗಾಗಿ 203. ಹನ್ನೆರಡು ಇಂಚಿನ ರಿಮ್ಮು 304.8. ಕೂಡಿಸಿದರೆ ಗಾಲಿಯ ಎತ್ತರ 507.8 ಮಿಲಿಮೀಟರು. ಆಲ್ಟೊದ ಟೈರು 145/80 ಆರ್ 12. ಪಕ್ಕೆ 116, ಎರಡು ಪಕ್ಕೆ 232, ರಿಮ್ಮು ಅದೇ 304.8, ಒಟ್ಟು 536.8. ರಿಮ್ಮು ಒಂದೇ, ದಪ್ಪ ಒಂದೇ, ಆದರೂ ಎತ್ತರದಲ್ಲಿ 29 ಮಿಲಿಮೀಟರು ವ್ಯತ್ಯಾಸ. ನೂರಕ್ಕೆ 5.7. ಇಂಥ ಬದಲಾವಣೆಯಲ್ಲಿ ನೂರಕ್ಕೆ ಮೂರನ್ನು ಮೀರಬಾರದು ಎಂಬುದು ಟೈರು ಬಲ್ಲವರ ಸಾಮಾನ್ಯ ಮಾತು.

ಪೆರಾಂಬ್ಯುಲೇಟರಿನ ಭಾಷೆಯಲ್ಲಿ ಹೇಳುವುದಾದರೆ, ಮೊದಲನೆಯ ಗಾಲಿ ಒಂದು ಕಿಲೋಮೀಟರಿಗೆ ಸುಮಾರು 627 ಸುತ್ತು ಉರುಳುತ್ತದೆ, ಎರಡನೆಯದು 593. ಭಾರ ಬಿದ್ದಾಗ ಟೈರು ತುಸು ಅಮರುವುದರಿಂದ ರಸ್ತೆಯ ಮೇಲಿನ ಲೆಕ್ಕ ಕೊಂಚ ಬೇರೆಯಾದರೂ ಎರಡರ ಅಂತರ ಹೆಚ್ಚುಕಡಿಮೆ ಇಷ್ಟೇ ಇರುತ್ತದೆ. ಕಾರಿನ ಮೀಟರಿಗೆ ಗೊತ್ತಿರುವುದು ಹಳೆಯ ಗಾಲಿಯ ಸುತ್ತು. ದೊಡ್ಡ ಗಾಲಿ ಹಾಕಿದರೆ ಮುಳ್ಳು 80 ತೋರಿಸುವಾಗ ಕಾರು ಓಡುವುದು 84ಕ್ಕೂ ಹೆಚ್ಚು. ನಿಜಕ್ಕೂ ಓಡಿದ ಹತ್ತು ಸಾವಿರ ಕಿಲೋಮೀಟರು ಮೀಟರಿನಲ್ಲಿ 9,460ರ ಆಸುಪಾಸು ಕಾಣುತ್ತದೆ. ಮೀಟರು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಲೇಬಾರದು ಎಂಬುದು ವಿಶ್ವಸಂಸ್ಥೆಯ ವಾಹನ ನಿಯಮಾವಳಿಯ ತತ್ವ. ಅದಕ್ಕಾಗಿ ಕಾರ್ಖಾನೆಯವರು ಮುಳ್ಳನ್ನು ತುಸು ಮುಂದೆಯೇ ಇಟ್ಟಿರುತ್ತಾರೆ. ಆ ತುಸು ಅವಕಾಶವನ್ನು ದೊಡ್ಡ ಟೈರು ತಿಂದುಹಾಕುತ್ತದೆ. ಏರು ಹತ್ತುವಾಗ ಎಂಜಿನ್ನು ಬಸವಳಿಯುತ್ತದೆ, ಬ್ರೇಕಿಗೆ ದುಡಿಮೆ ಹೆಚ್ಚುತ್ತದೆ, ತಿರುವಿನಲ್ಲಿ ಜನ ತುಂಬಿದ್ದರೆ ಟೈರು ಮಡ್‌ಗಾರ್ಡಿಗೆ ಉಜ್ಜುವ ಸಾಧ್ಯತೆಯಿದೆ. ಲಾಭ ಎಂದರೆ ನೆಲದಿಂದ ಕಾರು ಹದಿನಾಲ್ಕೂವರೆ ಮಿಲಿಮೀಟರು ಮೇಲೇಳುವುದು. ನಮ್ಮ ರಸ್ತೆಗಳಲ್ಲಿ ಅದೂ ಸಣ್ಣ ಆಸೆಯಲ್ಲ.

ಅಳತೆ ಬದಲಿಸಿಯೂ ಸುತ್ತು ಕೆಡದಂತೆ ನೋಡಿಕೊಳ್ಳಬಹುದು. ಸ್ವಿಫ್ಟ್ ಕಾರಿನ ಕೆಳಗಿನ ಮಾದರಿಗಳಿಗೆ 165/80 ಆರ್ 14, ಮೇಲಿನ ಮಾದರಿಗಳಿಗೆ 185/65 ಆರ್ 15 ಹಾಕಿ ಮಾರಿದ ವರ್ಷಗಳಿವೆ. ಮೂರೂ ಸಂಖ್ಯೆ ಬೇರೆ. ಲೆಕ್ಕ ಹಾಕಿ ನೋಡಿ: ಮೊದಲನೆಯದರ ಎತ್ತರ 619.6 ಮಿಲಿಮೀಟರು, ಎರಡನೆಯದರದು 621.5. ಎರಡು ಮಿಲಿಮೀಟರೂ ವ್ಯತ್ಯಾಸವಿಲ್ಲ. ರಿಮ್ಮು ಹಿಗ್ಗಿದಷ್ಟು ಪಕ್ಕೆ ಕುಗ್ಗಿದೆ. ಹನ್ನೆರಡು-ಹನ್ನೆರಡು ಎಂದು ಒಂದೇ ಆಗಿ ಕಾಣುವ ಗಾಲಿಗಳು ಬೇರೆ. ಹದಿನಾಲ್ಕು-ಹದಿನೈದು ಎಂದು ಬೇರೆಯಾಗಿ ಕಾಣುವ ಗಾಲಿಗಳು ಒಂದು. ಅಲ್ಲೂ ಒಂದು ಬೆಲೆ ಇದೆ. ಪಕ್ಕೆ 132ರಿಂದ 120 ಮಿಲಿಮೀಟರಿಗೆ ಇಳಿಯುತ್ತದೆ. ತಗ್ಗಿಗೆ ಬಿದ್ದಾಗ ಪೆಟ್ಟು ನುಂಗುವುದು ಆ ಪಕ್ಕೆಯ ರಬ್ಬರೇ. ನುಣುಪಾದ ಹೆದ್ದಾರಿಯ ಊರಿನಲ್ಲಿ ಚಂದ ಕಾಣುವ ಅಳತೆ ದೇವದುರ್ಗದ ಒಳದಾರಿಯಲ್ಲಿ ರಿಮ್ಮು ಬಾಗಿಸಬಹುದು. ಗದ್ದೆಯವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಮಾನ್ವಿ ಕಡೆಯ ಕಾಲುವೆ ನೀರಿನ ಭತ್ತದ ಗದ್ದೆಯಲ್ಲಿ ಟ್ರ್ಯಾಕ್ಟರಿಗೆ ಕಬ್ಬಿಣದ ಕೇಜ್ ವೀಲ್ ಬೇಕು. ಅದೇ ಗಾಲಿ ರಸ್ತೆಗೆ ಹತ್ತಿದರೆ ಡಾಂಬರು ಕಿತ್ತು ಬರುತ್ತದೆ. ನೂರು ವರ್ಷದ ಹಿಂದೆ ಎಂಜಿನಿಯರುಗಳು ಬಂಡಿಯ ಹಳಿಯ ಮೇಲೆ ಹೇಳಿದ ದೂರು ಈಗ ಕೇಜ್ ವೀಲಿನ ಮೇಲೆ ಬಂದಿದೆ.

ಸಾಲಿನ ಕೊನೆಯ ಸಂಖ್ಯೆಯೊಂದು ಉಳಿಯಿತು. 74 ಎಂಬುದು ಭಾರದ ಸಂಕೇತ. ಆ ಟೈರು ಹೊರಬಲ್ಲದ್ದು 375 ಕಿಲೋ. ಮಾರುತಿ 800ರ ಟೈರಿನಲ್ಲಿ ಸಾಮಾನ್ಯವಾಗಿ ಇರುವ 69ಕ್ಕೆ 325 ಕಿಲೋ. ಮಾವ ಯೋಚಿಸಿದ ಬದಲಾವಣೆಯಲ್ಲಿ ಈ ಸಂಖ್ಯೆ ಏರುತ್ತದೆ. ಹಾಗೆಂದು ಕಾರಿನ ಸ್ಪ್ರಿಂಗು, ಬ್ರೇಕುಗಳ ತಾಕತ್ತೇನೂ ಏರುವುದಿಲ್ಲ. ತಿರುಗಾಮುರುಗಾ ಆದರೆ, ಅಂದರೆ ಆಲ್ಟೊಗೆ ಹಳೆಯ ಮಾರುತಿಯ ಟೈರು ಬಿದ್ದರೆ, ಒಂದೊಂದು ಗಾಲಿಯಲ್ಲಿ 50 ಕಿಲೋ, ನಾಲ್ಕರಲ್ಲಿ 200 ಕಿಲೋ ತಾಕತ್ತು ಇಳಿಯುತ್ತದೆ. ಹನ್ನೆರಡಕ್ಕೆ ಹನ್ನೆರಡು ಸರಿಹೋಯಿತು ಎಂದು ಅಂಗಡಿಯಿಂದ ಹೊರಬಿದ್ದವನಿಗೆ ಇದು ಕಾಣುವುದಿಲ್ಲ.

ಸುಗ್ಗಿ ಮುಗಿದ ಮೇಲೆ ದೇವದುರ್ಗ, ಮಾನ್ವಿ ಕಡೆಯಿಂದ ದುಡಿಯಲು ಬೆಂಗಳೂರಿಗೆ ಹೋಗುವ ಕುಟುಂಬಗಳನ್ನು, ಹತ್ತಿ ಬಿಡಿಸಲು ಊರಿಂದೂರಿಗೆ ಹೋಗುವ ಹೆಣ್ಣುಮಕ್ಕಳನ್ನು ಕಂಡವರಿಗೆ ಒಂದು ಸಣ್ಣ ಗಾಡಿಯಲ್ಲಿ ಎಷ್ಟು ಜನ ಹಿಡಿಯುತ್ತಾರೆ ಎಂಬುದು ಗೊತ್ತು. ಏಪ್ರಿಲ್ ತಿಂಗಳ ರಾಯಚೂರಿನ ಬಿಸಿಲು, ಕಾದ ಡಾಂಬರು, ಗಾಳಿ ಕಡಿಮೆಯಾದ ಹಳೆಯ ಟೈರು, ಅದರ ಮೇಲೆ ಬರೆದದ್ದಕ್ಕಿಂತ ಹೆಚ್ಚಿನ ಭಾರ. ಟೈರು ಒಡೆಯಲು ಇವಿಷ್ಟು ಸಾಕು. ಮರುದಿನ ಪತ್ರಿಕೆಯಲ್ಲಿ ಟೈರು ಸಿಡಿದು ಎಂಬ ಎರಡೇ ಪದಗಳಲ್ಲಿ ಕಾರಣ ಮುಗಿಯುತ್ತದೆ. ಆ ಟೈರಿನ ಮೇಲೆ ಏನು ಬರೆದಿತ್ತು ಎಂಬುದನ್ನು ಯಾರೂ ಬರೆಯುವುದಿಲ್ಲ.

ಮಾವನಿಗೆ ನಾನು ಸಂಖ್ಯೆ ಹೇಳಲಿಲ್ಲ. ಅಂಗಡಿಯವನ ಸೀಮೆಸುಣ್ಣ ಕೇಳಿ ಎರಡೂ ಟೈರಿಗೆ ಒಂದೊಂದು ಗುರುತು ಹಾಕಿದೆ. ನೆಲದ ಮೇಲೆ ಒಂದೇ ಗೆರೆಯಿಂದ ಹೊರಟು ಎರಡನ್ನೂ ಐದೈದು ಸುತ್ತು ಉರುಳಿಸಿದೆವು. ಒಂದು ಇನ್ನೊಂದಕ್ಕಿಂತ ಮೊಳಕ್ಕೆ ತುಸು ಕಮ್ಮಿ ದೂರ ಮುಂದೆ ಹೋಗಿ ನಿಂತಿತು. ಅವನು ಸ್ವಲ್ಪ ಹೊತ್ತು ಆ ಅಂತರವನ್ನೇ ನೋಡಿದ. “ಹಂಗಾದ್ರ ಇವು ಬ್ಯಾಡ ಬಿಡು, ನಮ್ಮ ಗಾಡಿದೇ ಹಾಕ್ಸೋಣು” ಅಂದ. ಎರಡು ಗಾಲಿಗಳನ್ನು ಹೀಗೆ ಉರುಳಿಸಿ ಹೋಲಿಸಲು ಕಮ್ಮಾರನಿಗೆ ಬೇಕಾಗಿದ್ದದ್ದು ಸೀಮೆಸುಣ್ಣ ಮತ್ತು ಎಣಿಸುವ ತಾಳ್ಮೆ. ಎರಡೂ ಈಗಲೂ ಅಗ್ಗವಾಗಿಯೇ ಸಿಗುತ್ತವೆ.